ದಿ ಸ್ಟ್ರೋಕ್ಸ್ ಮೊದಲ ಆಲ್ಬಂ: ದನಿ ಯಾಕೆ ಹಳೇ ಫೋನಿನ ಹಾಗೆ?

ಒಂಟಿತಂತಿ:
ಒಂದು ವಾರದಿಂದ ನ್ಯೂಯಾರ್ಕಿನ ರಾಕ್ ಬ್ಯಾಂಡ್ ದಿ ಸ್ಟ್ರೋಕ್ಸ್ ಅವರ ‘ಈಸ್ ದಿಸ್ ಇಟ್’ ಬಿಟ್ಟು ಬೇರೇನೂ ಕೇಳುತ್ತಿಲ್ಲ. ಇಡೀ ಆಲ್ಬಂ 36 ನಿಮಿಷ ಚಿಲ್ಲರೆ, ಮುಗಿದದ್ದೇ ಗೊತ್ತಾಗುವುದಿಲ್ಲ. ಆದರೆ ಹಾಡುಗಾರ ಜೂಲಿಯನ್ ಕಾಸಾಬ್ಲಾಂಕಾಸ್ ದನಿ ಮಾತ್ರ ಹಳೇ ಫೋನಿನಲ್ಲಿ ಹಾಡಿದ ಹಾಗಿದೆ, ಗಿಟಾರುಗಳು ನೋಡಿದರೆ ಚೊಕ್ಕ. ದುಡ್ಡು ಸಾಲದೆ ಹೀಗಾಯಿತಾ, ಬೇಕಂತಲೇ ಮಾಡಿದ್ದಾ? ನಾವು ನಾಲ್ಕು ಜನ ಸೇರಿ ನಮ್ಮ ಮೊದಲ ಆಲ್ಬಂ ರೆಕಾರ್ಡ್ ಮಾಡಬೇಕು ಅಂತಿದ್ದೇವೆ, ಅದಕ್ಕೇ ಕೇಳಿದೆ.

ರಾತ್ರಿಪಾಳಿ:
ಬೇಕಂತಲೇ. ಮೊದಲು ಗಿಲ್ ನಾರ್ಟನ್ ಜೊತೆ ಕೂತಿದ್ದರು, ಪಿಕ್ಸೀಸ್ ಬ್ಯಾಂಡಿನ ಆಲ್ಬಂಗಳನ್ನು ಮಾಡಿದ ದೊಡ್ಡ ಪ್ರೊಡ್ಯೂಸರ್. ತೀರಾ ನುಣುಪಾಯಿತು ಅಂತ ಅದನ್ನು ಕೈಬಿಟ್ಟು, ತಮ್ಮ ಇಪಿ (ಕೆಲವೇ ಹಾಡುಗಳ ಪುಟ್ಟ ರೆಕಾರ್ಡ್) ಮಾಡಿಕೊಟ್ಟಿದ್ದ ಗಾರ್ಡನ್ ರಾಫೆಲ್ ಹತ್ತಿರವೇ ವಾಪಸ್ ಬಂದರು. 2001ರಲ್ಲಿ, ನ್ಯೂಯಾರ್ಕಿನ ಈಸ್ಟ್ ವಿಲೇಜಿನ ಒಂದು ನೆಲಮಾಳಿಗೆ ಸ್ಟುಡಿಯೋದಲ್ಲಿ. ದನಿಯನ್ನು ಪೀವಿ ಕಂಪನಿಯ ಪುಟ್ಟ ಪ್ರಾಕ್ಟೀಸ್ ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ಮೂಲಕ ಹಾಯಿಸಿದರು. ಸ್ಪೀಕರ್ ಸಣ್ಣದಿದ್ದರೆ ಕೆಳಗಿನ ಗುಂಗೂ ಮೇಲಿನ ಹೊಳಪೂ ಹೋಗಿ ನಡುವಿನದಷ್ಟೇ ಉಳಿಯುತ್ತದೆ, ಅಂಚಿನಲ್ಲಿ ಸ್ವಲ್ಪ ಒಡೆಯುತ್ತದೆ. ನಿಮಗೆ ಫೋನಿನ ಹಾಗೆ ಕೇಳಿಸುತ್ತಿರುವುದು ಅದೇ.

ಮೂರನೇಮೈಕ್:
ಮೇಲಿನವರು ಹೇಳಿದ್ದು ಸರಿ, ಆದರೆ ಸುಮ್ನೆ ಸಣ್ಣ ಆಂಪ್ ತಂದುಬಿಟ್ಟರೆ ಈ ಸೌಂಡ್ ಬರುವುದಿಲ್ಲ. ನಮ್ಮ ಬ್ಯಾಂಡಿನಲ್ಲಿ ಮಾಡಿ ನೋಡಿದ್ದೇವೆ. ಇಬ್ಬರು ಗಿಟಾರಿಸ್ಟುಗಳೂ ಅದೇ ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು), ಅದೇ ಜಾಗದಲ್ಲಿ ಹಿಡಿದು ಬಾರಿಸಿದೆವು, ಎಲ್ಲ ಕಲಸಿಹೋಯಿತು, ದನಿ ಅದರೊಳಗೆ ಮುಳುಗಿತು. ಹೆಡ್‌ಫೋನ್ ಹಾಕಿಕೊಂಡು ಸ್ಟ್ರೋಕ್ಸ್ ಗಿಟಾರಿಸ್ಟುಗಳಾದ ವಾಲೆನ್ಸಿ ಮತ್ತು ಹ್ಯಾಮಂಡ್ ಜೂನಿಯರ್ ಏನು ಮಾಡುತ್ತಿದ್ದಾರೆ ಅಂತ ಕೇಳಿ. ಒಬ್ಬರು ಒಂದೇ ಸಮ ಡೌನ್‌ಸ್ಟ್ರೋಕ್ (ಮೇಲಿನಿಂದ ಕೆಳಕ್ಕಷ್ಟೇ ಮೀಟುವುದು) ಬಾರಿಸುತ್ತಿದ್ದರೆ ಇನ್ನೊಬ್ಬರು ಮೇಲಿನ ತಂತಿಗಳಲ್ಲಿ ಎರಡೇ ಎರಡು ಸ್ವರದ ಎಳೆ ಬಿಡುತ್ತಾರೆ, ಒಬ್ಬರ ದಾರಿಗೆ ಒಬ್ಬರು ಬರುವುದೇ ಇಲ್ಲ. ಡ್ರಮ್ಸಿಗೂ ರಾಫೆಲ್ ಇಟ್ಟದ್ದು ಮೂರೇ ಮೈಕು. ಮೂರು ಮೈಕಿನಲ್ಲಿ ಆಮೇಲೆ ಸರಿಮಾಡಿಕೊಳ್ಳೋಣ ಅನ್ನುವ ಮಾತೇ ಇಲ್ಲ ಅಲ್ವಾ, ಬಾರಿಸುವಾಗಲೇ ಸರಿ ಬಾರಿಸಬೇಕು. ಇವರು ಅಷ್ಟು ಪ್ರಾಕ್ಟೀಸ್ ಮಾಡಿ ಬಂದಿದ್ದರು. ನನಗೆ ಈ ಆಲ್ಬಂ ಮೇಲೆ ಜಾಸ್ತಿ ಪ್ರೀತಿ ಇರುವುದೇ ಇದಕ್ಕೆ.

ಹಳೇಸಿಡಿ:
ನಡುವೆ ಒಂದು ಮಾತು. ನೀವು ಕೇಳುತ್ತಿರುವುದು ಅಮೆರಿಕದ ಸಿಡಿಯಾದರೆ ಒಂದು ಹಾಡು ಬೇರೆ ಇರುತ್ತದೆ. ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕ್ ಪೊಲೀಸರ ಬಗ್ಗೆ ಇದ್ದ ಹಾಡನ್ನು ತೆಗೆದು ಬೇರೆಯದನ್ನು ಸೇರಿಸಿ, ಬಿಡುಗಡೆಯನ್ನೂ ಅಕ್ಟೋಬರಿಗೆ ತಳ್ಳಿದರು. ಬ್ರಿಟನ್ನಿನಲ್ಲಿ ಆಗಸ್ಟಿನಲ್ಲೇ ಬಂದಿತ್ತು, ಅದರಲ್ಲಿ ಹಾಡು ಹಾಗೇ ಇದೆ. ಹುಡುಕಿ ಕೇಳಿ, ಬಿಡಬೇಡಿ.

ಒಂಟಿತಂತಿ:
ಎಲ್ಲರಿಗೂ ಥ್ಯಾಂಕ್ಸ್. @ಮೂರನೇಮೈಕ್, ಈಗಷ್ಟೇ ನಮ್ಮ ಡೆಮೊ ಹಾಕಿ ಕೇಳಿದೆ. ನಾಲ್ಕು ಹಾಡಿನಲ್ಲಿ ಮೂರರಲ್ಲಿ ನಾವಿಬ್ಬರೂ ಒಂದೇ ಕಾರ್ಡ್ ಬಾರಿಸಿದ್ದೇವೆ. ಆಂಪ್ ವಿಚಾರ ಆಮೇಲೆ, ಭಾನುವಾರ ಮೊದಲು ನನ್ನ ಭಾಗ ಬದಲಾಯಿಸುತ್ತೇನೆ.