ಫುಟ್‌ಬಾಲ್ ಮೌತ್‌ಗಾರ್ಡ್: ಓಡುವಾಗ ಕಳಚುತ್ತೆ, ಮಳೆಗಾಲದಲ್ಲಿ ವಾಸನೆ. ತಿಳಿದವರು ಹೇಳಿ

ಕೇಳಿದ್ದು (ತೀರ್ಥಹಳ್ಳಿ): ಮಗನಿಗೆ 12 ವರ್ಷ, ಶಾಲೆಯ ಫುಟ್‌ಬಾಲ್ ತಂಡದಲ್ಲಿದ್ದಾನೆ. ಬಿಸಿನೀರಲ್ಲಿ ಅದ್ದಿ ಕಚ್ಚುವ ಮೌತ್‌ಗಾರ್ಡ್ ತಂದಿದ್ದೇವೆ (ಹಲ್ಲಿಗೆ ಏಟು ಬೀಳದಂತೆ ಬಾಯಲ್ಲಿ ಹಾಕೋ ಪ್ಲಾಸ್ಟಿಕ್ ಕವಚ). ಓಡುವಾಗ ಸಡಿಲಾಗಿ ಕೈಗೆ ಬರುತ್ತೆ, ವಾಕರಿಕೆ ಬರುತ್ತೆ ಅಂತಾನೆ. ಮಳೆ ಶುರುವಾದ ಮೇಲೆ ವಾಸನೆ ಬೇರೆ. ಹೆಚ್ಚು ದುಡ್ಡಿನದು ತರಬೇಕಾ?

ಶಿವಮೊಗ್ಗ, ಕೋಚ್: ತಡೀರಿ ಅಕ್ಕ, ದುಡ್ಡು ಹಾಕೋ ಮೊದಲು ಅಚ್ಚು ನೋಡಿ. ತಳದಲ್ಲಿ ಹಲ್ಲಿನ ಗುರುತಿದ್ದು ಮುಂದಿನ ಗೋಡೆ ಒಳಗಡೆ ನುಣುಪಾಗೇ ಇದ್ದರೆ ಅಚ್ಚು ಕೂತಿಲ್ಲ. ಹಿಡಿತ ಬರೋದು ಆ ಗೋಡೆಯಿಂದ, ಕಚ್ಚೋದರಿಂದಲ್ಲ.

ಮೊದಲು ತಣ್ಣಗಿರುವಾಗಲೇ ಮೇಲಿನ ಹಲ್ಲಿಗೆ ಹಾಕಿ ಉದ್ದ ನೋಡಿ. ಹಿಂದಿನ ತುದಿ ಮೊದಲ ದೊಡ್ಡ ದವಡೆಹಲ್ಲನ್ನು ಮುಚ್ಚಿದರೆ ಸಾಕು. ಅದಕ್ಕಿಂತ ಹಿಂದೆ ಹೋಗಿದ್ದಕ್ಕೇ ವಾಕರಿಕೆ. ಎರಡೂ ಕಡೆ 2 ಮಿ.ಮೀ.ನಷ್ಟೇ ಕತ್ತರಿಸಿ, ಮತ್ತೆ ಹಾಕಿ ನೋಡಿ, ಬೇಕಾದರೆ ಇನ್ನಷ್ಟು. ಒಮ್ಮೆಗೇ ಹೆಚ್ಚು ಕತ್ತರಿಸಿದರೆ ವಾಪಸ್ ಅಂಟಿಸೋಕಾಗಲ್ಲ. ಮೇಲ್ತುಟಿ ಒಸಡಿಗೆ ಕೂಡುವ ನಡುವಿನ ಪಟ್ಟಿಗೆ ಅಂಚು ಉಜ್ಜದಂತೆ ಅಲ್ಲೊಂದು ಸಣ್ಣ ತಗ್ಗು ಇರಬೇಕು.

ನೀರು ಕುದಿಸಿ, ಒಲೆ ಆರಿಸಿ, ಅರ್ಧ ನಿಮಿಷ ಬಿಡಿ. ತೂತಿನ ಸೌಟಿನಲ್ಲಿಟ್ಟು ಪೊಟ್ಟಣದ ಮೇಲೆ ಬರೆದಷ್ಟೇ ಸೆಕೆಂಡು ಅದ್ದಿ, ಕಂಪನಿಯಿಂದ ಕಂಪನಿಗೆ ಅದು ಬೇರೆ. ಉರಿಯ ಮೇಲೇ ಕುದಿಸಬೇಡಿ, ಪಾತ್ರೆಯ ತಳ ತಾಗಿದರೆ ಆಕಾರ ಕೆಡುತ್ತೆ. ತೆಗೆದು ತಣ್ಣೀರಲ್ಲಿ ಒಂದು ಸೆಕೆಂಡು ಮುಳುಗಿಸಿ, ತುಟಿ ಸುಡದಷ್ಟಕ್ಕೆ ಸಾಕು. ಕನ್ನಡಿ ಮುಂದೆ ನಡುಗೆರೆ ಸರಿ ಮಾಡಿ ಹಾಕಿಕೊಳ್ಳಲಿ. ಮೆಲ್ಲಗೆ ಕಚ್ಚಿ, ಒಳಗಿನ ಗಾಳಿ, ನೀರು ಎರಡನ್ನೂ ಜೋರಾಗಿ ಹೀರಬೇಕು. ಅದೇ ಹೊತ್ತಿಗೆ ನೀವು ಹೊರಗಿನಿಂದ ತುಟಿ, ಕೆನ್ನೆ ಒತ್ತಿ, ಅವನು ಒಳಗಿನಿಂದ ನಾಲಿಗೆಯಲ್ಲಿ ಒತ್ತಲಿ. ಅರ್ಧ ನಿಮಿಷ ಬಿಟ್ಟು ತೆಗೆದು ತಣ್ಣೀರಿಗೆ ಹಾಕಿ. ಗಟ್ಟಿಯಾಗಿ ಕಚ್ಚಿದರೆ ತಳ ತೆಳುವಾಗಿ, ಏಟು ತಡೆಯೋ ದಪ್ಪವೇ ಹೋಗುತ್ತೆ.

ಪರೀಕ್ಷೆ ಸುಲಭ: ಬಾಯಿ ಪೂರ್ತಿ ತೆರೆದರೂ ಬೀಳಬಾರದು. "ಬಾ, ಪಾಸ್ ಕೊಡು" ಅಂದರೆ ಜೊತೆಯವನಿಗೆ ಅರ್ಥವಾಗಬೇಕು. ತಳ ಹರಿದಿಲ್ಲದಿದ್ದರೆ ಸಾಮಾನ್ಯವಾಗಿ ಇನ್ನೊಂದು ಸಲ ಅಚ್ಚು ಮಾಡಬಹುದು.

ಸಾಗರ, ದಂತವೈದ್ಯೆ: ಮೇಲಿನವರು ಹೇಳಿದ್ದು ಸರಿ. ಅಚ್ಚಿಲ್ಲದ ಸಿದ್ಧ ಗಾರ್ಡ್ ಮಾತ್ರ ತರಬೇಡಿ, ಅದನ್ನು ಕಚ್ಚಿಯೇ ಹಿಡಿದುಕೊಳ್ಳಬೇಕು, ಉಸಿರಾಟಕ್ಕೂ ಕಷ್ಟ. ವೈದ್ಯರ ಬಳಿ ಅಳತೆ ತೆಗೆಸಿ ಮಾಡಿಸುವುದು ಎಲ್ಲಕ್ಕಿಂತ ಚೆನ್ನಾಗಿ ಕೂರುತ್ತದೆ. ಆದರೆ 12ರ ವಯಸ್ಸಿನಲ್ಲಿ ಹಲ್ಲು ಇನ್ನೂ ಹುಟ್ಟುತ್ತ, ಸರಿಯುತ್ತ ಇರುತ್ತದೆ, ಕೆಲವೇ ತಿಂಗಳಲ್ಲಿ ಅದು ಬಿಗಿಯಾದೀತು. ಸದ್ಯಕ್ಕೆ ಬಿಸಿನೀರಿನದೇ ಸಾಕು, ಆಟದ ಪ್ರತಿ ಋತುವಿಗೆ ಬದಲಿಸಿ. ಹಲ್ಲಿಗೆ ತಂತಿ ಹಾಕಿಸಿದ್ದರೆ ಈ ಬಿಸಿ ಅಚ್ಚು ಬೇಡ: ಮೆತ್ತಗಿನ ಪ್ಲಾಸ್ಟಿಕ್ ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ತುಂಡು) ಸುತ್ತ ಗಟ್ಟಿಯಾಗಿಬಿಡುತ್ತದೆ, ಕಿತ್ತು ಬರುವಾಗ ಬ್ರಾಕೆಟನ್ನೂ ಎಳೆಯುತ್ತದೆ. ತಂತಿ ಹಾಕಿದ ವೈದ್ಯರನ್ನೇ ಕೇಳಿ, ಅದಕ್ಕೆಂದೇ ಅಗಲ ಕಾಲುವೆಯ ಗಾರ್ಡ್ ಸಿಗುತ್ತದೆ. ಇದು ಕಾಯುವುದು ಹಲ್ಲು, ತುಟಿಯನ್ನು. ತಲೆಗೆ ತಲೆ ಬಡಿದು ಮಂಕಾದರೆ ಗಾರ್ಡ್ ಇತ್ತಲ್ಲ ಎಂದು ಮತ್ತೆ ಆಡಿಸಬೇಡಿ.

ಹೊಸನಗರ: ವಾಸನೆ ಬಗ್ಗೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗಲ್ಲ, ಒದ್ದೆ ಗಾರ್ಡ್ ಡಬ್ಬಿಯೊಳಗೆ ಹೇಗೆ ಒಣಗೀತು? ಆಟ ಮುಗಿದ ಕೂಡಲೇ ತಣ್ಣೀರಲ್ಲಿ ತೊಳೆದು, ಮೆತ್ತನೆ ಬ್ರಷ್ಷಿಗೆ ಚೂರು ಸೋಪು ಹಾಕಿ ಉಜ್ಜಿ. ಪೇಸ್ಟು ಗೀರು ಬೀಳಿಸುತ್ತೆ, ಗೀರಿನಲ್ಲೇ ಕೊಳೆ ಕೂರೋದು. ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಪೂರ್ತಿ ಒಣಗಿದ ಮೇಲೇ ತೂತಿರುವ ಡಬ್ಬಿಗೆ ಹಾಕಿ. ಬೇಗ ಒಣಗಲಿ ಅಂತ ಬಚ್ಚಲ ಒಲೆ ಹತ್ತಿರ ಇಟ್ಟರೆ ಸೊಟ್ಟಗಾಗುತ್ತೆ. ಡಬ್ಬಿಯನ್ನೂ ವಾರಕ್ಕೊಮ್ಮೆ ತೊಳೀರಿ. ಕಪ್ಪು ಬೂಸ್ಟು ಕಂಡರೆ ಉಜ್ಜೋಕೆ ಹೋಗಬೇಡಿ, ಬಿಸಾಡಿ.

ಭದ್ರಾವತಿ, ರೆಫರಿ: ನಿಯಮದಲ್ಲಿ ಶಿನ್‌ಗಾರ್ಡ್ (ಮೊಣಕಾಲ ಕೆಳಗೆ ಮುಂಭಾಗಕ್ಕೆ ಹಾಕೋ ಕವಚ) ಕಡ್ಡಾಯ, ಮೌತ್‌ಗಾರ್ಡ್ ಅಲ್ಲ. ಹಾಗಾಗಿ ಇಲ್ಲದಿದ್ದರೂ ಯಾರೂ ತಡೆಯಲ್ಲ, ಹಾಕಿಸೋದು ಮನೆಯವರ ಕೆಲಸ. ಅಭ್ಯಾಸದಲ್ಲೂ ಹಾಕಲಿ. ಕೆಸರಿನಲ್ಲಿ ಜಾರಿದಾಗ ಮೊಣಕೈ ಬಾಯಿಗೆ ಬೀಳೋಕೆ ಪಂದ್ಯವೇ ಆಗಬೇಕಿಲ್ಲ.

ದಂತವೈದ್ಯೆ: ಒಂದು ಮಾತು ಬಿಟ್ಟುಹೋಗಿತ್ತು. ಶಾಶ್ವತ ಹಲ್ಲು ಬೇರುಸಮೇತ ಕಿತ್ತು ಬಂದರೆ ಬಿಳಿ ಭಾಗ ಮಾತ್ರ ಹಿಡಿಯಿರಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಕೆಸರಾಗಿದ್ದರೆ ಹಾಲಲ್ಲಿ ಮೆಲ್ಲಗೆ ಅಲುಗಿಸಿ. ಹುಡುಗ ಎಚ್ಚರವಾಗಿದ್ದರೆ ಹಲ್ಲನ್ನು ಅದು ಇದ್ದ ಗುಳಿಯಲ್ಲೇ ಕೂರಿಸಿ, ಬಟ್ಟೆ ಕಚ್ಚಿಸಿ. ಆಗದಿದ್ದರೆ ಹಾಲಿನಲ್ಲೇ ಹಾಕಿಕೊಂಡು ಅರ್ಧ ಗಂಟೆಯೊಳಗೆ ದಂತವೈದ್ಯರನ್ನು ಮುಟ್ಟಲು ನೋಡಿ. ಹಾಲುಹಲ್ಲಾದರೆ ವಾಪಸ್ ಕೂರಿಸಬಾರದು. ತೀರ್ಥಹಳ್ಳಿಯಲ್ಲಿ ಭಾನುವಾರ ಯಾವ ದಂತವೈದ್ಯರು ಸಿಗುತ್ತಾರೆ ಎಂದು ಪಂದ್ಯಕ್ಕೆ ಮೊದಲೇ ವಿಚಾರಿಸಿ, ನಂಬರನ್ನು ಕಿಟ್ ಬ್ಯಾಗಿನಲ್ಲಿ ಬರೆದಿಡಿ.