ಸೈರನ್ ಕೂಗಿದರೆ ಯಾವ ಕಡೆ ಹೋಗುವುದು?

(ಸುರತ್ಕಲ್ ಕಡೆಯ ಒಂದು ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು. ಶನಿವಾರ ಮಧ್ಯಾಹ್ನ.)

ದಿನೇಶ: (ಫಾರ್ವರ್ಡ್) ತುರ್ತು!! ಫ್ಯಾಕ್ಟರಿಯಲ್ಲಿ ಅಮೋನಿಯಾ ಲೀಕ್ ಆಗಿದೆ. ಸೈರನ್ ಕೇಳಿದವರೆಲ್ಲ ಕೂಡಲೇ ಮನೆ ಬಿಟ್ಟು ಹೈವೇ ದಾಟಿ ಪೂರ್ವಕ್ಕೆ ಹೋಗಿ. ಎಲ್ಲಾ ಗ್ರೂಪಿಗೂ ಕಳಿಸಿ, ಜೀವ ಉಳಿಸಿ.

ವಿಠಲ: ದಿನೇಶಾ, ಇದು ಸುಳ್ಳು. ಎಂತ ಲೀಕೂ ಆಗಿಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಇವತ್ತು ಮಾಕ್ ಡ್ರಿಲ್ ಇತ್ತು, ಲೀಕ್ ಆದರೆ ಏನು ಮಾಡಬೇಕು ಅಂತ ಅಭ್ಯಾಸ. ಅದರ ಸೈರನ್. ಡಿಲೀಟ್ ಮಾಡು.

ದಿನೇಶ: ನನಗೇನು ಗೊತ್ತು ಮಾರಾಯ? ಬೇರೆ ಗ್ರೂಪಲ್ಲಿ ಬಂತು, ಹಾಕಿದೆ. ಸುಳ್ಳಾದರೆ ಒಳ್ಳೇದೇ ಆಯ್ತಲ್ವಾ. ನಿಜ ಆಗಿದ್ದರೆ ಸುಮ್ನೆ ಕೂತಿರಬೇಕಿತ್ತಾ?

ಶೋಭಾ: ಡಿಲೀಟ್ ಮಾಡುವುದು ಆಮೇಲೆ. ವಿಠಲ, ಆ ಸೈರನ್ ನಮ್ಮ ಮನೆಗೂ ಕೇಳಿತು. ಕೂಗಿತು, ನಿಂತಿತು, ಮತ್ತೆ ಕೂಗಿತು. ಎದುರು ಮನೆಯವರು ಗೇಟಿಗೆ ಬಂದು ನಿಂತರು. ಪಕ್ಕದ ಮನೆಯ ಬಾಣಂತಿ ಮಗುವನ್ನು ಎತ್ತಿಕೊಂಡು ಅಂಗಳಕ್ಕೇ ಬಂದಳು. ನಿಜವಾಗಿ ಲೀಕ್ ಆಗಿದ್ದರೆ ಅವಳು ಹಾಗೆ ಹೊರಗೆ ಬರಲೇಬಾರದಿತ್ತು. ಇವತ್ತು ಡ್ರಿಲ್ ಅಂತ ನಮಗೆ ಯಾರು ಹೇಳಿದ್ದರು?

ವಿಠಲ: ಡ್ರಿಲ್ ಕಂಪೌಂಡ್ ಒಳಗಿನವರಿಗೆ. ನಮಗೆಲ್ಲ ತರಬೇತಿ ಉಂಟು. ಎಲ್ಲಿ ಸೇರಬೇಕು, ಯಾರು ತಲೆ ಎಣಿಸಬೇಕು, ಎಲ್ಲ ಗೊತ್ತು. ಹೊರಗಿನವರಿಗೆ ಹೇಳಿದರೆ ಗಾಬರಿ ಜಾಸ್ತಿ ಆಗುತ್ತದೆ.

ಶೋಭಾ: ಇವತ್ತು ಹೇಳಲಿಲ್ಲ. ಗಾಬರಿ ಕಡಿಮೆ ಆಯ್ತಾ?

ರಝಾಕ್: ಆ ಮೆಸೇಜಲ್ಲಿ ದೊಡ್ಡ ತಪ್ಪು ಉಂಟು. ಪೂರ್ವಕ್ಕೆ ಹೋಗಿ ಅಂತ ಬರೆದಿದ್ದಾರೆ. ಈಗ ಮಧ್ಯಾಹ್ನ, ಗಾಳಿ ಕಡಲಿನಿಂದ ಬೀಸುತ್ತಾ ಉಂಟು. ಫ್ಯಾಕ್ಟರಿ ದಾಟಿದ ಗಾಳಿ ಹೋಗುವುದೂ ಪೂರ್ವಕ್ಕೇ. ಗ್ಯಾಸ್ ಹೋಗುವ ದಾರಿಯಲ್ಲೇ ಜನರನ್ನು ಕಳಿಸಿದ ಹಾಗಾಯ್ತು.

ಪ್ರಕಾಶ್ (ಜುಬೈಲ್): ಸರಿಯಾಗಿ ಹೇಳಿದೆ ರಝಾಕ್. ಇಲ್ಲಿ ಸೌದಿಯಲ್ಲಿ ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್ ಎಂಬ ವಿಷದ ಗ್ಯಾಸ್) ತರಬೇತಿಯಲ್ಲಿ ಮೊದಲು ಹೇಳುವುದೇ ಅದು. ಅಲಾರಂ ಆದರೆ ಮೊದಲು ಗಾಳಿ ಯಾವ ಕಡೆ ಅಂತ ನೋಡು. ಆಮೇಲೆ ಗಾಳಿಗೆ ಅಡ್ಡವಾಗಿ ನಡೆ.

ಶೋಭಾ: ನಮ್ಮಲ್ಲಿ ಹಗಲು ಕಡಲ ಗಾಳಿ, ರಾತ್ರಿ ನೆಲದ ಗಾಳಿ. ಮಳೆಗಾಲದಲ್ಲಿ ಅದೂ ಬೇರೆ. ದೋಣಿಗೆ ಹೋಗುವವರಿಗೆ ಇದು ಯಾರೂ ಕಲಿಸಬೇಕಾಗಿಲ್ಲ. ಉಳಿದವರು ತೆಂಗಿನ ಗರಿ ನೋಡಿದರೂ ಗೊತ್ತಾಗುತ್ತದೆ. ಆದರೆ ನೋಡಬೇಕು ಅಂತಲೇ ಯಾರೂ ಹೇಳಿಕೊಟ್ಟಿಲ್ಲ.

ದಿನೇಶ: ಅಷ್ಟೆಲ್ಲ ಯೋಚಿಸುತ್ತಾ ಕೂತರೆ ಅಲ್ಲೇ ಸಾಯುವುದು. ಓಡಿದವನು ಬದುಕುತ್ತಾನೆ.

ಶೋಭಾ: ವಿಶಾಖಪಟ್ಟಣ ನೆನಪು ಮಾಡಿಕೋ. 2020ರ ಮೇ 7, ಲಾಕ್‌ಡೌನ್ ಸಮಯ. ಬೆಳಗಿನ ಜಾವ ಮೂರರ ಹೊತ್ತಿಗೆ ಎಲ್‌ಜಿ ಪಾಲಿಮರ್ಸ್ ಫ್ಯಾಕ್ಟರಿಯ ಟ್ಯಾಂಕಿನಿಂದ ಸ್ಟೈರೀನ್ (ಪ್ಲಾಸ್ಟಿಕ್ ಮಾಡಲು ಬಳಸುವ ರಾಸಾಯನಿಕ) ಆವಿ ಹೊರಗೆ ಬಂತು. ಪಕ್ಕದ ವೆಂಕಟಾಪುರದಲ್ಲಿ ಜನ ನಿದ್ದೆಯಲ್ಲಿದ್ದರು. ಎದ್ದು ಓಡಿದವರು ರಸ್ತೆಯಲ್ಲೇ ಕುಸಿದು ಬಿದ್ದರು. 12 ಮಂದಿ ಸತ್ತರು. ಆ ಫ್ಯಾಕ್ಟರಿಯಲ್ಲಿ 36 ಕಡೆಯಿಂದ ಸೈರನ್ ಒತ್ತಬಹುದಿತ್ತು, ಒಂದು ಕಡೆಯಿಂದಲೂ ಒತ್ತಲಿಲ್ಲ ಅಂತ ಸರಕಾರದ ಸಮಿತಿಯೇ ವರದಿ ಕೊಟ್ಟಿತು. ಅಲ್ಲಿ ಸೈರನ್ ಕೂಗಲೇ ಇಲ್ಲ. ನಮ್ಮಲ್ಲಿ ಕೂಗಿತು, ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಮಲಗಿದ್ದವರಿಗೆ ಎರಡೂ ಒಂದೇ.

ಸುಂದರ ಮಾಸ್ಟ್ರು: ಭೋಪಾಲದಲ್ಲೂ ಹಾಗೇ ಆದದ್ದು ಮಕ್ಕಳೇ. 1984ರ ಡಿಸೆಂಬರ್‌ನಲ್ಲಿ. ಪತ್ರಿಕೆಯಲ್ಲಿ ಓದಿ ತರಗತಿಯಲ್ಲಿ ಹೇಳಿದಾಗ ನನ್ನ ಕೈ ನಡುಗಿತ್ತು. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಿರಿ ಎನ್ನುವ ಇಷ್ಟು ಮಾತನ್ನೂ ಆ ಜನಕ್ಕೆ ಯಾರೂ ಮೊದಲೇ ಹೇಳಿರಲಿಲ್ಲ.

ಲತಾ: ಮಾಸ್ಟ್ರೇ, ನಮಸ್ಕಾರ. ನಾನೊಂದು ಮಾತು ಹೇಳಬಹುದಾ? ನಮ್ಮವರು ಅಲ್ಲೇ ಕಾಂಟ್ರಾಕ್ಟಿನಲ್ಲಿ ಇರುವುದು. ಇದನ್ನೆಲ್ಲ ದೊಡ್ಡದು ಮಾಡಿದರೆ ನಾಳೆ ಫ್ಯಾಕ್ಟರಿ ಮುಚ್ಚಿ ಅಂತ ಗಲಾಟೆ ಶುರು ಆಗುತ್ತದೆ. ನಮ್ಮ ಮನೆ ನಡೆಯುವುದು ಅದರಿಂದಲೇ.

ಶೋಭಾ: ಲತಾ, ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಮೊದಲು ಗ್ಯಾಸ್ ತಾಗುವುದೇ ಒಳಗಿರುವವರಿಗೆ. ನಿನ್ನ ಗಂಡನಿಗೆ ಒಳಗೆ ಏನು ಮಾಡಬೇಕು ಅಂತ ಗೊತ್ತು. ಹೊರಗೆ ನೀನೂ ಮಕ್ಕಳೂ ಏನು ಮಾಡುತ್ತೀರಿ ಅಂತ ಅವರಿಗೆ ಗೊತ್ತಾ?

ಲತಾ: ಇಲ್ಲ.

ವಿಠಲ: ಶೋಭಾ, ಒಂದು ವಿಷಯ ಸರಿಯಾಗಿ ತಿಳಿದುಕೋ. ಕಂಪೌಂಡ್ ಒಳಗಿನದ್ದು ಆನ್‌ಸೈಟ್ ಪ್ಲಾನ್, ಅದು ಕಂಪನಿಯದ್ದು. ಹೊರಗಿನದ್ದು ಆಫ್‌ಸೈಟ್ ಪ್ಲಾನ್, ಅದನ್ನು ಮಾಡುವುದು ಸರಕಾರ. ಸುಮ್ನೆ ನಮ್ಮ ಮೇಲೆ ಹಾಕಬೇಡ.

ಶೋಭಾ: ಪ್ಲಾನ್ ಹಾಗೇ, ಒಪ್ಪಿದೆ. ಆದರೆ ಈ ಎರಡೂ ಪ್ಲಾನ್ ಬೇಕು ಅಂತ ಹೇಳುವ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮದಲ್ಲೇ ಇನ್ನೊಂದು ಮಾತೂ ಉಂಟು. ಅಪಘಾತವಾದರೆ ಯಾರಿಗೆ ತೊಂದರೆ ಆಗಬಹುದೋ ಅವರಿಗೆ ಮೊದಲೇ ತಿಳಿಸಬೇಕು. ಏನು ಅಪಾಯ, ಏನು ಮಾಡಬೇಕು, ಏನು ಮಾಡಬಾರದು. ಅದು ಫ್ಯಾಕ್ಟರಿ ನಡೆಸುವವರ ಹೊಣೆ. ಆಮೇಲೆ 1996ರ ರಾಸಾಯನಿಕ ಅಪಘಾತ ನಿಯಮ ಬಂತು. ಅದರಂತೆ ಜಿಲ್ಲೆಗೊಂದು ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು, ಕೈಗಾರಿಕಾ ಪ್ರದೇಶಕ್ಕೆ ಇನ್ನೊಂದು ಸ್ಥಳೀಯ ಗುಂಪು ಇರಬೇಕು. ಆ ಸ್ಥಳೀಯ ಗುಂಪು ಆರು ತಿಂಗಳಿಗೊಮ್ಮೆಯಾದರೂ ಪೂರ್ತಿ ಮಾಕ್ ಡ್ರಿಲ್ ಮಾಡಬೇಕು. ಅದರಲ್ಲಿ ಅಧಿಕಾರಿಗಳು ಮಾತ್ರ ಅಲ್ಲ. ಅಗ್ನಿಶಾಮಕದವರು, ಡಾಕ್ಟರು, ರಾಸಾಯನಿಕ ಸಾಗಿಸುವವರು, ಊರಿನ ಪತ್ರಿಕೆಯ ಸಂಪಾದಕರು, ಅಕ್ಕಪಕ್ಕದ ಊರಿನ ಮುಖಂಡರು, ಎಲ್ಲರಿಗೂ ಜಾಗ ಉಂಟು. ನಮ್ಮ ಕಡೆಯಿಂದ ಅಲ್ಲಿ ಕೂತಿರುವವರು ಯಾರು? ನಾನು ವಾರ್ಡಿನಲ್ಲಿ ಕೇಳಿದೆ, ಒಬ್ಬರಿಗೂ ಗೊತ್ತಿಲ್ಲ.

ರಝಾಕ್: ಸಾಗಿಸುವವರಿಗೂ ಜಾಗ ಇದೆ ಅಂತ ನನಗೇ ಗೊತ್ತಿರಲಿಲ್ಲ! ನಮ್ಮ ಟ್ಯಾಂಕರ್ ಹಿಂದೆ ಕಿತ್ತಳೆ ಪಟ್ಟಿಯ ಬೋರ್ಡು ಇರುತ್ತದಲ್ಲ, ಅದರ ನಂಬರು ಓದಲು ಊರಿನವರಿಗೆ ಕಲಿಸಬೇಕು. 1075 ಅಂದರೆ ಎಲ್‌ಪಿಜಿ. 1005 ಅಮೋನಿಯಾ. 1017 ಕ್ಲೋರಿನ್. ಪಲ್ಟಿಯಾದ ಟ್ಯಾಂಕರಿನ ಫೋಟೊ ತೆಗೆಯಲು ಹತ್ತಿರ ಬರುತ್ತಾರೆ. ಬರಬೇಡಿ. ದೂರದಿಂದಲೇ ನಂಬರು ನೋಡಿ 112ಕ್ಕೆ ಹೇಳಿ. ಬಂಟ್ವಾಳ ತಾಲೂಕಿನ ಪೆರ್ನೆ ನೆನಪುಂಟಲ್ಲ? 2013ರ ಏಪ್ರಿಲ್. ಗ್ಯಾಸ್ ಟ್ಯಾಂಕರ್ ಮಗುಚಿ ರಸ್ತೆ ಬದಿಯ ಮನೆಗಳಿಗೂ ಬೆಂಕಿ ಹತ್ತಿತು. ಆ ಮನೆಯವರ ಪಕ್ಕದಲ್ಲಿ ಯಾವ ಫ್ಯಾಕ್ಟರಿ ಇತ್ತು? ಹೆದ್ದಾರಿ ಬದಿಯ ಊರುಗಳಿಗೂ ಪ್ಲಾನ್ ಬೇಕು.

ಪ್ರಕಾಶ್ (ಜುಬೈಲ್): ಓಡುವುದಕ್ಕಿಂತ ಬಾಗಿಲು, ಕಿಟಕಿ ಮುಚ್ಚಿ ಒಳಗಿರುವುದೇ ಎಷ್ಟೋ ಸಲ ಒಳ್ಳೇದು. ಫ್ಯಾನ್, ಎಸಿ ಬಂದ್ ಮಾಡಿ ಬಾಗಿಲ ಸಂದಿಗೆ ಒದ್ದೆ ಟವೆಲ್ ಇಡಬೇಕು.

ಶೋಭಾ: ನಿನ್ನ ಫ್ಲ್ಯಾಟಿಗೆ ಸರಿ ಪ್ರಕಾಶ್. ನಮ್ಮದು ಹಂಚಿನ ಮನೆ. ಬಾಗಿಲಿಗೆ ಟವೆಲ್ ಇಟ್ಟರೆ ಆಯ್ತಾ? ಬಚ್ಚಲ ಒಲೆಯ ಹೊಗೆ ಹೊರಗೆ ಹೋಗುವುದು ಹಂಚಿನ ಸಂದಿಯಿಂದ, ಗ್ಯಾಸ್ ಒಳಗೆ ಬರುವುದೂ ಅಲ್ಲಿಂದಲೇ. ನಮ್ಮ ಓಣಿಯಲ್ಲಿ ಇನ್ನೂ ಜಾಸ್ತಿ ಮನೆಗಳು ಹಂಚಿನವೇ. ನಮಗೆ ಹತ್ತಿರದಲ್ಲಿ ಒಂದು ಆರ್‌ಸಿಸಿ ಕಟ್ಟಡ ಬೇಕು. ಶಾಲೆ ಉಂಟು, ಆದರೆ ರಾತ್ರಿ ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ? ನನ್ನ ಅಮ್ಮ ಹಾಸಿಗೆ ಹಿಡಿದವರು. ಅವರನ್ನು ಎತ್ತಲು ಇಬ್ಬರು ಬೇಕು. ಅಂಥವರು ಯಾವ ಯಾವ ಮನೆಯಲ್ಲಿದ್ದಾರೆ ಅಂತ ಆಶಾ ಕಾರ್ಯಕರ್ತೆಗೆ ಬಾಯಿಪಾಠ. ಡಿಸಿ ಆಫೀಸಿನ ಫೈಲಿಗೆ ಅದು ಹೇಗೆ ಗೊತ್ತಾಗಬೇಕು? ಅದಕ್ಕೇ ಹೇಳುವುದು, ಊರಿನವರು ಕೂತು ಮಾಡದಿದ್ದರೆ ಅದು ಪ್ಲಾನೇ ಅಲ್ಲ.

ವಿಠಲ: ಅಮ್ಮನ ವಿಷಯ ನನಗೆ ಗೊತ್ತಿರಲಿಲ್ಲ ಶೋಭಾ.

ವಿಠಲ: ಇನ್ನೊಂದು ಹೇಳುತ್ತೇನೆ, ಎಲ್ಲರೂ ಓದಿ. ಗ್ಯಾಸೆಲ್ಲ ಒಂದೇ ಥರ ಅಲ್ಲ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಹೊರಗೆ ಹೋಗಲು ಆಗದಿದ್ದರೆ ಮಹಡಿಗೆ ಹೋಗಬೇಕು. ಕುಡಿಯುವ ನೀರು ಶುದ್ಧ ಮಾಡುವ ಕಡೆಯೂ ಅದರ ಸಿಲಿಂಡರ್ ಇರುತ್ತದೆ. ಅಮೋನಿಯಾ ಹಗುರ, ಆದರೆ ಒತ್ತಡದಲ್ಲಿರುವ ದ್ರವ ಚಿಮ್ಮಿದರೆ ತಣ್ಣಗಿನ ಬಿಳಿ ಮಂಜಿನ ಹಾಗೆ ನೆಲದಲ್ಲೇ ಹರಿಯುತ್ತದೆ. ಮೀನಿನ ಐಸ್ ಪ್ಲಾಂಟಿನಲ್ಲಿ ಇರುವುದೂ ಅದೇ. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಒದ್ದೆ ಬಟ್ಟೆಯಿಂದ ಸ್ವಲ್ಪ ಪ್ರಯೋಜನ ಉಂಟು. ಕಣ್ಣು ಉರಿದರೆ ನೀರು ಹಾಕಿ ತೊಳೆಯುತ್ತಲೇ ಇರಿ.

ಶೋಭಾ: ನೋಡು, ಇಷ್ಟು ಓದಿದ ಮೇಲೆ ಯಾರಿಗಾದರೂ ಗಾಬರಿ ಆಯ್ತಾ? ಇದನ್ನೇ ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿ ಭಾಷೆಯಲ್ಲಿ ಮನೆ ಮನೆಗೆ ಮುಟ್ಟಿಸಬೇಕು. ದೇವಸ್ಥಾನ, ಮಸೀದಿ, ಚರ್ಚಿನ ಮೈಕು ಉಂಟಲ್ಲ, ಇವತ್ತು ಡ್ರಿಲ್ ಅಂತ ಅಲ್ಲಿಂದ ಒಂದು ಮಾತು ಹೇಳಿದ್ದರೆ ದಿನೇಶನ ಮೆಸೇಜಿಗೆ ಕೆಲಸವೇ ಇರುತ್ತಿರಲಿಲ್ಲ.

ದಿನೇಶ: ಡಿಲೀಟ್ ಮಾಡಿದೆ. ಆದರೆ ಬೇರೆ ಗ್ರೂಪಲ್ಲಿ ಇನ್ನೂ ಓಡುತ್ತಾ ಉಂಟು. ವಿಠಲನ ಮೆಸೇಜು ಅಲ್ಲಿಗೆ ಹಾಕಲಾ?

ವಿಠಲ: ಹಾಕು. ನನ್ನ ಹೆಸರು ತೆಗೆದು ಹಾಕು.

ಸುಂದರ ಮಾಸ್ಟ್ರು: ಶೋಭಾ, ಅರ್ಜಿ ಬರಿಯಮ್ಮ. ಸಹಾಯಕ ಆಯುಕ್ತರಿಗೆ ಒಂದು, ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ಒಂದು ಪ್ರತಿ. ಮೊದಲ ಸಹಿ ನನ್ನದು.

ಶೋಭಾ: ಬರೆಯುತ್ತೇನೆ ಮಾಸ್ಟ್ರೇ. ಕೇಳಬೇಕಾದದ್ದು ಇಷ್ಟು: ಸ್ಥಳೀಯ ಗುಂಪಿನಲ್ಲಿ ನಮ್ಮ ಊರಿನವರು ಯಾರು? ಕೊನೆಯ ಸಲ ಸಭೆ ಯಾವಾಗ ಆಯ್ತು? ಅಪಾಯದ ಸೈರನ್ ಹೇಗೆ ಕೂಗುತ್ತದೆ, ಅಪಾಯ ಮುಗಿದಾಗ ಹೇಗೆ ಕೂಗುತ್ತದೆ? ರೈಲ್ವೆ ಗೇಟು ಹಾಕಿದ್ದರೆ ನಮ್ಮ ಓಣಿಗೆ ಆಂಬುಲೆನ್ಸ್ ಯಾವ ದಾರಿಯಿಂದ ಬರುತ್ತದೆ? ಶಾಲೆಯ ಬೀಗದ ಕೈ ಯಾರಿಗೆ ಕೊಡುತ್ತೀರಿ? ಮುಂದಿನ ಡ್ರಿಲ್‌ನಲ್ಲಿ ನಮ್ಮ ಓಣಿಯನ್ನೂ ಸೇರಿಸಿ.

ರಝಾಕ್: ನನ್ನ ಸಹಿಯೂ ಇರಲಿ. ಸಾಗಿಸುವವರ ಜಾಗದಲ್ಲಿ ಈಗ ಯಾರಿದ್ದಾರೆ ಅಂತಲೂ ಕೇಳು.

ಲತಾ: ಮುಚ್ಚಿ ಅಂತ ಎಲ್ಲೂ ಬರೆಯುವುದಿಲ್ಲ ಅಲ್ವಾ?

ಶೋಭಾ: ಇಲ್ಲ ಲತಾ. ಸಹಿಗೆ ಮೊದಲು ನೀನೇ ಓದಿ ನೋಡು.

ಲತಾ: ಹಾಗಾದರೆ ನಾನೂ ಹಾಕುತ್ತೇನೆ.

ವಿಠಲ: ನನಗೆ ಸಹಿ ಹಾಕಲು ಆಗುವುದಿಲ್ಲ, ಬೇಜಾರು ಮಾಡಬೇಡಿ. ಸೋಮವಾರ ಸೇಫ್ಟಿ ಆಫೀಸರ್ ಹತ್ತಿರ ಸೈರನ್ ವಿಷಯ ಕೇಳುತ್ತೇನೆ. ಅರ್ಜಿ ಅದಕ್ಕಿಂತ ಮೊದಲು ಕೊಡುತ್ತೀರಾ, ಆಮೇಲಾ?

ಶೋಭಾ: ಸೋಮವಾರ ಬೆಳಿಗ್ಗೆಯೇ ಕೊಡುತ್ತೇವೆ. ನೀನೂ ಕೇಳು.