ಮೂರನೇ ಅಡ್ಡರಸ್ತೆಯ ಗ್ಯಾಸ್ ವಾಸನೆ: ಬಡಾವಣೆ ನಿವಾಸಿಗಳ ಗುಂಪಿನ ಚರ್ಚೆ

ಮನೆ 22, ಬೆಳಿಗ್ಗೆ 4.50
ರಾತ್ರಿ 1.40ಕ್ಕೆ 82 ವರ್ಷದ ಅತ್ತೆಯವರಿಗೆ ಕಂಬಳಿ ಹೊದಿಸಿ, ಸುರಿಯುವ ಮಳೆಯಲ್ಲಿ ಸೇತುವೆಯ ಕಡೆಗೆ ನಡೆಸಿಕೊಂಡು ಹೋದೆ. ಬಚ್ಚಲುಮನೆಯಲ್ಲಿ ಗ್ಯಾಸ್ ವಾಸನೆ ತಲೆ ಸುತ್ತುವಷ್ಟಿತ್ತು. ಯಾರಿಗೆ ಫೋನ್ ಮಾಡಬೇಕೆಂದು ಹೊರಗೆ ಬಂದು ಈ ಗುಂಪಿನಲ್ಲಿ ಕೇಳಿದೆ. 31 ಜನ ಸಂದೇಶ ನೋಡಿದ್ದೀರಿ, ಒಬ್ಬರೂ ಉತ್ತರಿಸಲಿಲ್ಲ. ಕಂಪನಿಯ ನಂಬರ್ ಕೊಳವೆ ಗ್ಯಾಸಿನ ಬಿಲ್ಲಿನ ಮೇಲಿದೆ ಎಂಬುದು ನೆನಪಿತ್ತು, ಆದರೆ ಬಿಲ್ಲು ಮನೆಯೊಳಗಿತ್ತು, ಮನೆಯೊಳಗೆ ದೀಪ ಹಾಕುವಂತಿರಲಿಲ್ಲ. ನಮ್ಮವರು ಕತ್ತಲಲ್ಲೇ ಮೇಜಿನ ಖಾನೆಯನ್ನು ಇಡಿಯಾಗಿ ಕಿತ್ತುಕೊಂಡು ಬಂದು ಸೇತುವೆಯ ಬಳಿಯ ಬೀದಿದೀಪದ ಕೆಳಗೆ ಹುಡುಕಿದರು. ಬಂದ ಸಿಬ್ಬಂದಿಗೆ ರಸ್ತೆಯ ವಾಲ್ವಿನ ಮುಚ್ಚಳ ಸಿಗಲು ಇನ್ನೂ 20 ನಿಮಿಷ ಹಿಡಿಯಿತು, ಏಕೆಂದರೆ ಅದರ ಮೇಲೆ ಯಾರೋ ಮರಳು ಸುರಿದಿದ್ದರು. ಇದಕ್ಕೆ ಇಂದು ಉತ್ತರ ಬೇಕು.

ಮಾಜಿ ಅಧ್ಯಕ್ಷರು, 6.05
ಸಹೋದರಿ, ನಿಮಗಾದ ತೊಂದರೆಗೆ ವಿಷಾದವಿದೆ. ಆದರೆ ಈ ಕೊಳವೆ ಬೇಡವೆಂದು ಮೊದಲ ಸಭೆಯಲ್ಲಿಯೇ ಎದ್ದು ನಿಂತು ಹೇಳಿದವನು ನಾನೊಬ್ಬನೇ ಎಂಬುದನ್ನು ನಡಾವಳಿ ಪುಸ್ತಕ ತೆರೆದು ನೋಡಬಹುದು. ಸಿಲಿಂಡರ್ ಇದ್ದಾಗ 14.2 ಕಿಲೋ ಅನಿಲ ನಮ್ಮ ಕಣ್ಣೆದುರಿಗೇ ಇರುತ್ತಿತ್ತು. ಈಗ ಬೀದಿಯ ಕೆಳಗೆ ಏನು ಹರಿಯುತ್ತಿದೆಯೋ ಬಲ್ಲವರು ಯಾರು? ಈಗಿನ ಸಮಿತಿ ಉತ್ತರಿಸಲಿ.

ಮನೆ 9, 6.20
ನಮಗೂ ವಾಸನೆ ಬಂದಿತ್ತು. ಪಕ್ಕದ ಮನೆಯವರು ಕಣಿಲೆ (ಎಳೆ ಬಿದಿರು) ನೆನೆಹಾಕಿದ್ದಾರೆಂದು ಬಗೆದು ಮುಸುಕು ಹೊದ್ದು ಮಲಗಿದೆವು. 😀

ಟೀಚರಕ್ಕ, 6.48
ನಗುವ ವಿಷಯವಲ್ಲ. ನೈಸರ್ಗಿಕ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ರಾಸಾಯನಿಕವನ್ನು ಸೇರಿಸಿರುತ್ತಾರೆ. ಅದನ್ನು ಕಣಿಲೆ ಎಂದುಕೊಂಡು ಮಲಗುವುದು ಅಪಾಯ. ಅಧ್ಯಕ್ಷರ ಮಾತಿಗೂ ಒಂದು ತಿದ್ದುಪಡಿ: ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ, ಕೊಳವೆಯದು ಬಹುಪಾಲು ಮೀಥೇನ್ ಆದ್ದರಿಂದ ಮೇಲಕ್ಕೇರಿ ಬೇಗ ಚದುರುತ್ತದೆ. ಚದುರಲು ದಾರಿ ಮಾತ್ರ ಬೇಕು. ಮಳೆಗಾಲದಲ್ಲಿ ಮೇಲೆ ಡಾಂಬರು, ಕೆಳಗೆ ನೀರು ಕುಡಿದ ಮಣ್ಣು ಇರುವಾಗ ನೆಲದೊಳಗೆ ಸೋರಿದ ಅನಿಲ ಮೇಲೆ ಬರಲಾರದೆ, ಸಡಿಲವಾಗಿ ಮುಚ್ಚಿದ ಅಗೆತದ ಜಾಡು ಹಿಡಿದು ಅಡ್ಡಡ್ಡಲಾಗಿ ಸಾಗಿ, ಚರಂಡಿ ಕೊಳವೆಯ ಸಂದಿಯಿಂದ ಮನೆಯೊಳಗೆ ಬರುತ್ತದೆ. 22ನೇ ಮನೆಯ ಬಚ್ಚಲಿಗೆ ಬಂದದ್ದೂ ಹಾಗೆಯೇ ಇರಬೇಕು. ಗಾಳಿಯಲ್ಲಿ ಅದರ ಪ್ರಮಾಣ ಶೇ. 5ರಿಂದ 15ರೊಳಗೆ ಇದ್ದಾಗ ಒಂದು ಕಿಡಿ ಸಾಕು. ನಮ್ಮಲ್ಲಿ ಚಳಿಗೆ ಹೆದರಿ ಮೇಲಿನ ಗವಾಕ್ಷಿಗಳಿಗೂ ಪ್ಲಾಸ್ಟಿಕ್ ಹೊಡೆದಿರುತ್ತೇವೆ ಎಂಬುದನ್ನೂ ನೆನಪಿಡಿ.

ಸುಬೇದಾರ್ ಮಾವ, 7.15
ನಾನು ಮೂರು ಗಂಟೆಯಿಂದ ಸ್ಥಳದಲ್ಲಿದ್ದೆ. 31ನೇ ಮನೆಯ ಎದುರು ಹಳದಿ ಕೊಳವೆಯ ಮೇಲೆ ಜೆಸಿಬಿಯ ಹಲ್ಲು ತಾಗಿದ ಗಾಯವಿತ್ತು. ಅದು ಕೆಲವು ದಿನಗಳ ಹಿಂದಿನದೆಂದೂ, ಯಾರಿಗೂ ತಿಳಿಸದೆ ಮೇಲೆ ಮಣ್ಣು ಎಳೆದು ಹೋಗಿದ್ದಾರೆಂದೂ ಸಿಬ್ಬಂದಿ ಹೇಳಿದರು. ಅವರು ಎರಡೂ ಬದಿಯಲ್ಲಿ ಕೊಳವೆಯನ್ನು ಕ್ಲ್ಯಾಂಪಿನಿಂದ ಹಿಸುಕಿ ಹರಿವು ನಿಲ್ಲಿಸಿ, ಕೆಟ್ಟ ಭಾಗವನ್ನು ಕತ್ತರಿಸಿ, ಹೊಸ ತುಂಡನ್ನು ವಿದ್ಯುತ್ತಿನ ಕಾವಿನಿಂದ ಬೆಸೆದರು. ಕೊಳವೆಯ ಮೇಲೆ ಇರಬೇಕಾಗಿದ್ದ ಎಚ್ಚರಿಕೆಯ ಹಳದಿ ಪಟ್ಟಿ ಅಲ್ಲಿರಲಿಲ್ಲ.

ಮಾಜಿ ಅಧ್ಯಕ್ಷರು, 7.19
ಹಾಗಾದರೆ ಅಪರಾಧಿ ಸಿಕ್ಕಂತಾಯಿತು. 31ನೇ ಮನೆಯವರು ಮಾತನಾಡಬೇಕು.

ಮನೆ 31, 7.40
ನೀರಿನ ಸಂಪರ್ಕಕ್ಕೆ ನಮ್ಮ ಮನೆಯ ಎದುರು ಅಗೆದದ್ದು ನಿಜ. ಅಗೆದವರು ಗುತ್ತಿಗೆದಾರರು, ಅವರನ್ನು ಕರೆತಂದವರು ಸಮಿತಿಯವರು. ನಾನು ಆ ದಿನ ಸೋಮವಾರಪೇಟೆಯಲ್ಲಿ ತೋಟದಲ್ಲಿದ್ದೆ. ಇನ್ನು ಹಳದಿ ಪಟ್ಟಿಯ ವಿಷಯ: ಅದರ ಒಂದು ಉದ್ದನೆಯ ತುಂಡು ಮಾಜಿ ಅಧ್ಯಕ್ಷರ ಕಾಂಪೌಂಡಿನೊಳಗೆ ಕಾಳುಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟಲು ಬಳಕೆಯಾಗಿರುವ ಚಿತ್ರವನ್ನು ಇಲ್ಲಿ ಹಾಕಿದ್ದೇನೆ. ಅಕ್ಷರಗಳು ಸ್ಪಷ್ಟವಾಗಿವೆ.

ಮನೆ 9, 7.42
ಬಳ್ಳಿ ಸುರಕ್ಷಿತವಾಗಿದೆ. 😂

ಮಾಜಿ ಅಧ್ಯಕ್ಷರು, 7.55
ಪಟ್ಟಿ ರಸ್ತೆಯ ಮೇಲೆ ಅನಾಥವಾಗಿ ಬಿದ್ದಿತ್ತು. ಕಸವೆಂದು ಭಾವಿಸಿ ಎತ್ತಿಕೊಂಡದ್ದು ಸ್ವಚ್ಛತೆಯ ಕೆಲಸ. ಪರವಾನಗಿ ಇಲ್ಲದೆ ನನ್ನ ಮನೆಯ ಚಿತ್ರ ತೆಗೆದದ್ದೇ ಮೊದಲ ತಪ್ಪು. ನನ್ನ ಅವಧಿಯಲ್ಲಿ ಇಂತಹ ನಡವಳಿಕೆ ಇರಲಿಲ್ಲ.

ಮನೆ 17, 8.10
ಫಾರ್ವರ್ಡ್ ಆಗಿ ಬಂದದ್ದು: ‘ಗ್ಯಾಸ್ ಸೋರಿದರೆ ತಕ್ಷಣ 1906ಕ್ಕೆ ಕರೆ ಮಾಡಿ, ಒದ್ದೆ ಗೋಣಿಚೀಲ ಹಾಕಿ, ಈ ಸಂದೇಶವನ್ನು 10 ಗುಂಪುಗಳಿಗೆ ಕಳುಹಿಸಿ ಜೀವ ಉಳಿಸಿ.’

ಟೀಚರಕ್ಕ, 8.25
1906 ಸಿಲಿಂಡರ್ ಅನಿಲದ ಸೋರಿಕೆಗೆ ಇರುವ ಸಹಾಯವಾಣಿ. ಕೊಳವೆ ಅನಿಲಕ್ಕೆ ಕಂಪನಿಯ ತುರ್ತು ಸಂಖ್ಯೆಯೇ ಬೇಕು. ಬೆಂಕಿ ಹತ್ತಿದರೆ 101 ಅಥವಾ 112. ಗೋಣಿಚೀಲ ಹುಡುಕುತ್ತಾ ನಿಲ್ಲಬೇಡಿ. ಒಲೆ ಆರಿಸಿ, ಮೀಟರಿನ ಪಕ್ಕದ ವಾಲ್ವ್ ಮುಚ್ಚಿ, ಸ್ವಿಚ್ಚುಗಳನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ. ಬಾಗಿಲು ಕಿಟಕಿ ತೆರೆದು ಹೊರಬಂದು, ದೂರ ನಿಂತು ಫೋನ್ ಮಾಡಿ. ಬೇಸಿಗೆಯಲ್ಲಿ ಕಂಪನಿಯವರು ಆಟದ ಮೈದಾನದಲ್ಲಿ ಇದನ್ನೆಲ್ಲ ಮಾಡಿ ತೋರಿಸಿದಾಗ ಕುಳಿತು ನೋಡಿದವರು ಆರು ಜನ. ಅಲ್ಲಿ ಅವರು ಹಂಚಿದ ಕೈಚೀಲ ತೆಗೆದುಕೊಂಡವರು ಮಾತ್ರ ಅರವತ್ತಕ್ಕೂ ಹೆಚ್ಚು. ತುರ್ತು ಸಂಖ್ಯೆಯ ಅಂಟುಚೀಟಿ ಆ ಚೀಲದೊಳಗೇ ಇತ್ತು.

ಮನೆ 22, 8.40
ಆ ಚೀಲದಲ್ಲಿ ನಾನೂ ಈರುಳ್ಳಿ ತುಂಬಿಟ್ಟಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಯಾರು ಅಗೆದರು, ಯಾರು ಪಟ್ಟಿ ಒಯ್ದರು ಎಂಬುದನ್ನು ಆಮೇಲೆ ತೀರ್ಮಾನಿಸೋಣ. ಭಾನುವಾರ ಬೆಳಿಗ್ಗೆ 10ಕ್ಕೆ ಕಂಪನಿಯ ಎಂಜಿನಿಯರ್ ಬರಲು ಒಪ್ಪಿದ್ದಾರೆ. ಪ್ರತಿ ಗೇಟಿನ ಮೇಲೆ ತುರ್ತು ಸಂಖ್ಯೆ ಬರೆಸಬೇಕು, ವಾಲ್ವಿನ ಮುಚ್ಚಳದ ಸುತ್ತ ಹಳದಿ ಬಣ್ಣ ಬಳಿಸಿ ಅಲ್ಲಿ ಏನನ್ನೂ ಸುರಿಯದಂತೆ ನೋಡಿಕೊಳ್ಳಬೇಕು, ಕಂಪನಿಗೆ ತಿಳಿಸದೆ ಯಾರೂ ಒಂದು ಗುದ್ದಲಿ ಮಣ್ಣನ್ನೂ ಎತ್ತಬಾರದು. ನನ್ನ ಬೇಡಿಕೆ ಇಷ್ಟೇ.

ಸುಬೇದಾರ್ ಮಾವ, 9.02
ಒಪ್ಪಿದೆ. ರಸ್ತೆಯ ವಾಲ್ವಿನ ಕೀಲಿಯೊಂದು ನನ್ನ ಬಳಿಯೂ ಇರಲಿ.

ಟೀಚರಕ್ಕ, 9.10
ಮಾವ, ರಸ್ತೆಯ ವಾಲ್ವ್ ಮುಚ್ಚುವುದೂ ತೆರೆಯುವುದೂ ಸಿಬ್ಬಂದಿಯ ಕೆಲಸ. ಆರಿದ ಒಲೆಗಳ ನಾಬ್ ತೆರೆದಿರುವಾಗ ಯಾರಾದರೂ ಮತ್ತೆ ಅನಿಲ ಬಿಟ್ಟರೆ ಮನೆಮನೆಯಲ್ಲೂ ಸೋರುತ್ತದೆ. ನಾವು ಮುಚ್ಚಳ ಎಲ್ಲಿದೆಯೆಂದು ತೋರಿಸಿದರೆ ಸಾಕು. ಅಗೆಯುವ ಮೊದಲು ತಿಳಿಸಲು 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವೇ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಅಗೆಯುವವರು ಅದರಲ್ಲಿ ಸ್ಥಳ ನಮೂದಿಸಿದರೆ, ನೆಲದಡಿ ಕೊಳವೆ, ಕೇಬಲ್ ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಇನ್ನು ಮುಂದೆ ಸಮಿತಿ ಗುತ್ತಿಗೆದಾರರಿಗೆ ಇದನ್ನೇ ಮೊದಲ ಷರತ್ತು ಮಾಡಲಿ.

ಕಾರ್ಯದರ್ಶಿ, 9.30
ಸಮಿತಿಯ ಮೇಲೆ ಪರೋಕ್ಷವಾಗಿ ಆರೋಪ ಮಾಡುವುದು ಬೇಡ. ಗುತ್ತಿಗೆದಾರರನ್ನು ಸೂಚಿಸಿದವರು ಮಾಜಿ ಅಧ್ಯಕ್ಷರೇ.

ಮಾಜಿ ಅಧ್ಯಕ್ಷರು, 9.31
ಸೂಚಿಸುವುದು ಬೇರೆ, ಕರೆಸುವುದು ಬೇರೆ.

(ಈ ವಿಷಯವಾಗಿ ಇಬ್ಬರ ನಡುವೆ ಇನ್ನೂ 43 ಸಂದೇಶಗಳಿವೆ.)

ಮನೆ 5, ಮಧ್ಯಾಹ್ನ 12.15
ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಬೇಕು. ನಮ್ಮ ಸಾಲಿಗೆ ಗ್ಯಾಸ್ ಯಾವಾಗ ಬರುತ್ತದೆ? ಹಳೆಯ ಸಿಲಿಂಡರನ್ನು ಹಿಂದಿರುಗಿಸಿಬಿಟ್ಟಿದ್ದೇವೆ.

ಸುಬೇದಾರ್ ಮಾವ, 12.30
ಪ್ರತಿ ಮನೆಯಲ್ಲೂ ಒತ್ತಡ ಪರೀಕ್ಷಿಸಿದ ಬಳಿಕವೇ ಬಿಡುತ್ತಾರೆ. ಮನೆಯಲ್ಲಿ ಒಬ್ಬರಾದರೂ ಇರಿ, ಬೀಗ ಹಾಕಿದ ಮನೆಗಳಿಂದಲೇ ತಡವಾಗುತ್ತಿದೆ.

ಮನೆ 14, ಸಂಜೆ 4.20
ದುರಸ್ತಿಗೆ ಅಗೆದ ಗುಂಡಿಯ ಮಣ್ಣು ಮಳೆಗೆ ಕುಸಿದು ಶಾಲೆಯ ವ್ಯಾನಿನ ಚಕ್ರ ಹೂತುಹೋಗಿದೆ. ಮಕ್ಕಳು ಕೆಸರಿನಲ್ಲಿ ನಡೆದು ಬಂದರು. ಕೊಳವೆ ಹಾಕಿದ ಕಾಲದ ಅಗೆತವೂ ಅಲ್ಲಲ್ಲಿ ಕುಳಿತಿದೆ.

ಮಾಜಿ ಅಧ್ಯಕ್ಷರು, 4.26
ಇದು ನಿಜವಾದ ಸಮಸ್ಯೆ. ಭಾನುವಾರ ಎಲ್ಲರೂ ಸೇರುತ್ತಿರುವುದರಿಂದ ರಸ್ತೆಯ ಮನವಿಗೆ ಅಲ್ಲಿಯೇ ಸಹಿ ಹಾಕಿಸೋಣ. ಮನವಿಯ ಕರಡು ನನ್ನ ಬಳಿ ಸಿದ್ಧವಿದೆ. ಸದ್ಯಕ್ಕೆ ಮನೆಗೆ 200 ರೂಪಾಯಿ ಹಾಕಿ ಒಂದು ಲೋಡ್ ಜಲ್ಲಿ ತರಿಸಬಹುದು.

ಮನೆ 31, 4.30
ಈ ವಿಷಯದಲ್ಲಿ ಅಧ್ಯಕ್ಷರ ಜೊತೆ ನಾನಿದ್ದೇನೆ. ನನ್ನ ಪಾಲು ಕಳುಹಿಸಿದ್ದೇನೆ.

ಕಾರ್ಯದರ್ಶಿ, ಶನಿವಾರ ಸಂಜೆ 5.50
ನಾಳೆಯ ಸಭೆಯ ವಿಷಯ: ರಸ್ತೆ ದುರಸ್ತಿ ಮನವಿ, ಜಲ್ಲಿಯ ಲೆಕ್ಕ, ಸಮಯ ಉಳಿದರೆ ಅನಿಲ ಸುರಕ್ಷತೆ. ಎಂಜಿನಿಯರ್‌ಗೆ ಮುಂದಿನ ತಿಂಗಳು ಬರುವಂತೆ ತಿಳಿಸಲಾಗಿದೆ. ಟಿಪ್ಪರ್ ಬಂದು ಜಲ್ಲಿಯನ್ನು ಮೂರನೇ ಅಡ್ಡರಸ್ತೆಯ ತಿರುವಿನಲ್ಲಿ ಇಳಿಸಿ ಹೋಗಿದೆ.

ಮನೆ 22, 5.58
ತಿರುವಿನಲ್ಲಿ ಎಂದರೆ ಎಲ್ಲಿ? ವಾಲ್ವಿನ ಮುಚ್ಚಳ ಇರುವುದು ಅದೇ ತಿರುವಿನಲ್ಲಿ, ಕರೆಂಟ್ ಕಂಬದ ಪಕ್ಕದಲ್ಲಿ.

ಮನೆ 9, 6.03
ಈಗಷ್ಟೇ ನೋಡಿ ಬಂದೆ. ಕಂಬ ಕಾಣುತ್ತಿದೆ.

ಮಾಜಿ ಅಧ್ಯಕ್ಷರು, 6.10
ಎರಡು ದಿನಗಳ ಮಾತು, ಸಹೋದರಿ. ಇನ್ನೂ 11 ಮನೆಗಳಿಂದ ಜಲ್ಲಿಯ ಹಣ ಬರಬೇಕಾಗಿದೆ, ದಯವಿಟ್ಟು ಇಂದೇ ಕಳುಹಿಸಿ.